ಹಳದಿ ಅಂದದ್ದು ನಾನು

ನಾನು ಹೇಳಿದ್ದನ್ನು ಐದು ಮಂದಿ ಮರುಮಾತಿಲ್ಲದೆ ಬರೆದುಕೊಂಡದ್ದು ನನ್ನ ಬದುಕಿನಲ್ಲಿ ಆ ಮೂರು ದಿನ ಮಾತ್ರ. ಮನೆಯಲ್ಲಿ ಗ್ಯಾಸ್ ಮುಗಿಯಿತು ಎಂದರೂ ನನ್ನ ಗಂಡ ಒಮ್ಮೆ ಬಂದು ಸಿಲಿಂಡರ್ ಅಲ್ಲಾಡಿಸಿ ನೋಡುವವರೇ. ಕಡಲ ಬದಿಯ ಆ ಅಟ್ಟದ ಮೇಲೆ ಹಾಗಿರಲಿಲ್ಲ. ನಾನು ಕೆಂಪು ಎಂದರೆ ಕೆಂಪು, ನೀಲಿ ಎಂದರೆ ನೀಲಿ.

ತಣ್ಣೀರುಬಾವಿಯಲ್ಲಿ ಮೇ ತಿಂಗಳ ಕೊನೆಗೆ ನಡೆದ ಅಂತರರಾಷ್ಟ್ರೀಯ ಸರ್ಫಿಂಗ್ ಸ್ಪರ್ಧೆ ಅದು. ಬೋರ್ಡಿನ ಮೇಲೆ ನಿಂತು ಅಲೆಯ ಜೊತೆ ದಡಕ್ಕೆ ಜಾರಿ ಬರುವ ಆಟ. ಏಳೆಂಟು ದೇಶಗಳ ಹುಡುಗ ಹುಡುಗಿಯರು ಬಂದಿದ್ದರು. ಮೂಗಿನ ಮೇಲೆ ಬಿಳಿ ಮುಲಾಮು ಬಳಿದುಕೊಂಡು, ಬರಿಗಾಲಲ್ಲಿ, ಚರುಮುರಿ ಗಾಡಿಯ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ನನಗೂ ಆ ಆಟಕ್ಕೂ ಏನು ಸಂಬಂಧ? ನೀರು ಮೊಣಕಾಲಿಗೆ ಬಂದರೆ ಸೀರೆಯ ನಿರಿಗೆ ಹಿಡಿದುಕೊಂಡು ಹಿಂದಕ್ಕೆ ಓಡುವವಳು ನಾನು. ಹಿಂದಿನ ವರ್ಷ, ಇಂಗ್ಲಿಷ್ ಬರುವ ಸ್ವಯಂಸೇವಕರು ಬೇಕು ಎಂದು ನಮ್ಮ ಫ್ಲ್ಯಾಟಿನ ಮಹಿಳೆಯರ ಗ್ರೂಪಿಗೆ ಮೆಸೇಜು ಬಂದಿತ್ತು. ಊಟದ ಟೋಕನ್ ಹಂಚಲು ಹೋದೆ. ಒಂದು ಮಧ್ಯಾಹ್ನ, ಯಾರದೋ ಕಾಣೆಯಾದ ಚಪ್ಪಲಿಯ ವಿಷಯ ಮೈಕಿನಲ್ಲಿ ಹೇಳಲು ನನ್ನನ್ನು ಕರೆದರು. ಅದನ್ನು ಕೇಳಿ ಮುಖ್ಯ ತೀರ್ಪುಗಾರರು ಅಟ್ಟದಿಂದ ಇಳಿದು ಬಂದರು. ಹೊರದೇಶದವರು, ನರೆತ ಗಡ್ಡ, ಕಿವಿಯ ಹಿಂದೆ ಸದಾ ಒಂದು ಪೆನ್ಸಿಲು. “ನಿಮ್ಮ ಒಂದೊಂದು ಪದವೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಮುಂದಿನ ವರ್ಷ ಮೇಲೆ ಬನ್ನಿ” ಎಂದರು. ಅದು ನನ್ನ ಕಾನ್ವೆಂಟಿನ ಸಿಸ್ಟರಿಗೆ ಸಲ್ಲಬೇಕಾದ ಮಾತು. ಕೊನೆಯ ಬೆಂಚಿಗೆ ಕೇಳಬೇಕು, ಆದರೆ ಕಿರುಚಬಾರದು ಎಂದು ಪಾಠ ಓದಿಸಿ ಓದಿಸಿ ನಮ್ಮ ನಾಲಿಗೆಯನ್ನು ತಿದ್ದಿದವರು ಅವರು.

ಹೀಗೆ ನಾನು ಮೇಲೆ ಹತ್ತಿದೆ. ಕಬ್ಬಿಣದ ಪೈಪು ಕಟ್ಟಿ, ತಗಡು ಹೊದೆಸಿದ ಅಟ್ಟ. ಐವರು ತೀರ್ಪುಗಾರರು ಸಾಲಾಗಿ ಕೂರುತ್ತಾರೆ; ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣದಂತೆ ನಡುನಡುವೆ ಪ್ಲೈವುಡ್ ಹಲಗೆ. ಅವರ ಹಿಂದೆ ಸ್ವಲ್ಪ ಎತ್ತರದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಬೈನಾಕ್ಯುಲರ್ ಹಿಡಿದು ನಾನು. ನೀರಿನಲ್ಲಿ ಒಂದು ಸಲಕ್ಕೆ ನಾಲ್ವರು. ಕೆಂಪು, ಬಿಳಿ, ಹಳದಿ, ನೀಲಿ ಜೆರ್ಸಿ. ಅಟ್ಟದ ಮೇಲೆ ಯಾರಿಗೂ ಹೆಸರಿಲ್ಲ, ದೇಶವಿಲ್ಲ, ಬಣ್ಣ ಮಾತ್ರ. ಯಾರಾದರೂ ಅಲೆ ಹಿಡಿದು ಎದ್ದು ನಿಂತ ಕೂಡಲೇ ನಾನು ಬಣ್ಣವನ್ನೂ ಅದು ಅವಳ ಎಷ್ಟನೆಯ ಅಲೆ ಎಂಬುದನ್ನೂ ಇಂಗ್ಲಿಷಿನಲ್ಲಿ ಹೇಳಬೇಕು. ಹಿಂದಿನ ಅಲೆಯ ಅಂಕ ಬರೆಯುತ್ತಾ ತಲೆ ತಗ್ಗಿಸಿದ್ದವರು ನನ್ನ ದನಿ ಕೇಳಿ ತಲೆ ಎತ್ತುತ್ತಾರೆ, ನೋಡುತ್ತಾರೆ, ನಾನು ಹೇಳಿದ ಬಣ್ಣದ ಕೆಳಗೆ ಬರೆಯುತ್ತಾರೆ. ಒಬ್ಬೊಬ್ಬರ ಎರಡು ಒಳ್ಳೆಯ ಅಲೆಗಳು ಮಾತ್ರ ಲೆಕ್ಕಕ್ಕೆ. ನಾಲ್ವರಲ್ಲಿ ಮೊದಲ ಇಬ್ಬರು ಮುಂದಿನ ಸುತ್ತಿಗೆ.

“ನೀವು ನಮ್ಮ ಕಣ್ಣು. ನಾವು ಬರೀ ಪೆನ್ಸಿಲು” ಎಂದು ಮುಖ್ಯ ತೀರ್ಪುಗಾರರು ಮೊದಲ ದಿನವೇ ನಗೆಯಾಡಿದ್ದರು. ಆ ಮಾತನ್ನು ನಾನು ಮನೆಯಲ್ಲಿ ಎರಡು ಸಲ ಹೇಳಿದೆ.

ಸೆಮಿಫೈನಲ್ ತನಕ ಬಂದ ಹುಡುಗಿಯರಲ್ಲಿ ನಮ್ಮ ಊರಿನವಳು ಒಬ್ಬಳೇ. ಬೆಂಗ್ರೆಯ ಮೀನುಗಾರರ ಮನೆಯವಳು, ಹತ್ತೊಂಬತ್ತು ವರ್ಷ. ಬಿಸಿಲಿಗೆ ಕೂದಲಿನ ತುದಿ ತೆಂಗಿನ ಹುರಿಯ ಬಣ್ಣಕ್ಕೆ ತಿರುಗಿತ್ತು. ಊಟದ ಹೊತ್ತಿಗೆ ಅಟ್ಟದ ಕೆಳಗೆ ಬಂದು ನನ್ನ ಬುತ್ತಿಯ ಉಪ್ಪಿನಕಾಯಿ ಕೇಳಿ ತೆಗೆದುಕೊಳ್ಳುತ್ತಿದ್ದಳು. ಅವಳು ಬೋರ್ಡಿನ ಮೇಲೆ ಬಲಗಾಲು ಮುಂದಿಟ್ಟು ನಿಲ್ಲುತ್ತಿದ್ದಳು. ಹೆಚ್ಚಿನವರು ಎಡಗಾಲು ಮುಂದಿಡುತ್ತಾರೆ. ಬಲಗಾಲಿನವರಿಗೆ ಆ ಆಟದಲ್ಲಿ ಒಂದು ತಮಾಷೆಯ ಹೆಸರೂ ಇದೆ, ಪೆದ್ದ ಎಂಬ ಅರ್ಥದ್ದು. “ನಮ್ಮಲ್ಲಿ ಬಲಗಾಲಿಟ್ಟು ಬಂದರೆ ಒಳ್ಳೆಯದು ಅಂತ ಹೇಳಿಬಿಡು ಅವರಿಗೆ” ಎಂದಿದ್ದೆ. ನಕ್ಕಿದ್ದಳು.

ಫೈನಲ್ ತಲುಪುವ ನಾಲ್ವರನ್ನು ಮುಂದಿನ ಸ್ಪರ್ಧೆಗೆ ಬೇರೊಂದು ದೇಶಕ್ಕೆ ಕರೆದುಕೊಂಡು ಹೋಗುತ್ತಾರೆ, ಹೋಗಿ ಬರುವ ವ್ಯವಸ್ಥೆಯೆಲ್ಲ ಅವರದೇ. ಗೆಲ್ಲಬೇಕೆಂದಿಲ್ಲ, ಫೈನಲ್ ತಲುಪಿದರೆ ಸಾಕು. ಅವಳು ಪಾಸ್‌ಪೋರ್ಟ್ ಮಾಡಿಸಿಟ್ಟಿದ್ದಳು. ಶುಕ್ರವಾರ ಅದನ್ನು ಚೀಲದಿಂದ ತೆಗೆದು ತೋರಿಸಿದಳು. ಉಪ್ಪುನೀರು ತಾಗಬಾರದೆಂದು ಎರಡು ಪ್ಲಾಸ್ಟಿಕ್ ಹೊದಿಕೆ, ಮೇಲೆ ರಬ್ಬರ್ ಬ್ಯಾಂಡ್. ಒಳಗಿನ ಹಾಳೆಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು.

“ಆಂಟಿ, ನಾಳೆ ನನ್ನ ಅಜ್ಜಿ ಬರ್ತಾರೆ” ಎಂದಳು. “ಮೂರು ವರ್ಷದಿಂದ ಕರೀತಾ ಇದ್ದೇನೆ. ಕಡಲು ಆಡ್ಲಿಕ್ಕೆ ಇರೂದಾ, ದುಡೀಲಿಕ್ಕೆ ಇರೂದು, ನೀನು ನಾಚಿಕೆ ಬಿಟ್ಟವಳು ಅಂತ ಬೈಯೂದು. ಈಗ ಒಪ್ಪಿದ್ದಾರೆ.”

ಅಜ್ಜಿ ಬಂದರು. ಶನಿವಾರ ಸಂಜೆ, ಅವಳ ಸೆಮಿಫೈನಲಿಗೆ ಸ್ವಲ್ಪ ಮೊದಲು. ಸಣ್ಣ ದೇಹ, ಹಸಿರು ಸೀರೆ, ಹೆಗಲಿಗೆ ತೆಳು ಟವೆಲಿನಂಥ ಒಂದು ಬೈರಾಸು. ಹುಡುಗಿ ಬಿಳಿ ಜೆರ್ಸಿ ತೊಟ್ಟು ನೀರಿನ ಅಂಚಿನಲ್ಲಿ ನಿಂತಿದ್ದಳು. ಅಜ್ಜಿ ಸೆರಗಿನ ಗಂಟು ಬಿಚ್ಚಿ ಬಾಳೆಲೆಯ ಪೊಟ್ಟಣ ತೆಗೆದರು. ನಾಗಬನದ ಪ್ರಸಾದ, ಅರಿಶಿನ. ಅಲೆ ಬಂದು ಹೋದ ಕಡೆ ಬಗ್ಗಿ ಕೈ ಒದ್ದೆ ಮಾಡಿಕೊಂಡು, ಅಂಗೈ ತುಂಬ ಪುಡಿ ಕಲಸಿ ಅವಳ ಹಣೆಗೆ ಹಚ್ಚಿದರು, ಗಂಟಲಿಗೆ ಹಚ್ಚಿದರು, ಉಳಿದದ್ದನ್ನು ಎದೆಯ ಮೇಲೆ ಜೆರ್ಸಿಯ ಮೇಲಿಂದಲೇ ಬಳಿದು, ಎರಡೂ ಕೈಯಿಂದ ಒತ್ತಿ ಹಿಡಿದರು. ಒಂದು ಕ್ಷಣ ಇಬ್ಬರೂ ಹಾಗೇ ನಿಂತರು.

ಇದೆಲ್ಲವನ್ನೂ ನಾನು ಬೈನಾಕ್ಯುಲರಿನಲ್ಲಿ ನೋಡಿದೆ. ನೋಡಬಾರದ್ದನ್ನು ನೋಡಿದಂತೆ ಕಣ್ಣನ್ನು ಆಚೆ ತಿರುಗಿಸಿದೆ. ನನಗೆ ಅಪ್ಪನ ನೆನಪಾಯಿತು. ಅಪ್ಪ ಅರ್ಚಕರು. ನಾಗನಿಗೆ ಪೂಜೆ ಮಾಡಿ ಬಂದ ದಿನ ಅವರ ಬಿಳಿ ಪಂಚೆ ಮೊಣಕಾಲಿನ ತನಕ ಹಳದಿಯಾಗಿರುತ್ತಿತ್ತು. ಅಮ್ಮ ಅದಕ್ಕೆ ಸಾಬೂನು ತಾಗಿಸುತ್ತಿರಲಿಲ್ಲ, ತಾಗಿಸಿದರೆ ಕೆಂಪಾಗುತ್ತದೆ. ನೀರಿನಲ್ಲಿ ಜಾಲಾಡಿ ಬಿಸಿಲಿಗೆ ಹಾಕುತ್ತಿದ್ದರು. “ಅರಿಶಿನವನ್ನು ಉಜ್ಜಬಾರದು. ಬಿಸಿಲೇ ತಿಂದು ಮುಗಿಸ್ತದೆ” ಎನ್ನುತ್ತಿದ್ದರು. ಒದ್ದೆಯಾದ ಬಿಳಿ ಬಟ್ಟೆಯ ಮೇಲೆ ಅರಿಶಿನ ಏನು ಮಾಡುತ್ತದೆ ಎಂದು ಆ ಕಡಲ ತೀರದಲ್ಲಿ ಚೆನ್ನಾಗಿ ಗೊತ್ತಿದ್ದವರು ಯಾರಾದರೂ ಇದ್ದರೆ ಅದು ನಾನು. ಆದರೂ ಆಗ ನನಗೆ ಹೊಳೆದದ್ದು ಅಪ್ಪನ ಪಂಚೆ ಮಾತ್ರ.

ನಮ್ಮ ಕಡಲು ಪಡುವಣದ್ದು. ಐದು ಗಂಟೆಯ ಹೊತ್ತಿಗೆ ಸೂರ್ಯ ನೇರ ಎದುರಿಗೆ. ನೀರೆಲ್ಲ ತಗಡಿನ ಹಾಗೆ ಹೊಳೆಯುತ್ತದೆ. ಅದರ ಮೇಲೆ ಮನುಷ್ಯರು ಬರೀ ಕಪ್ಪು ಗೀಟು. ಕಪ್ಪು ಕನ್ನಡಕ ಹಾಕಿದ ತೀರ್ಪುಗಾರರೂ ಹಣೆಗೆ ಕೈ ಅಡ್ಡ ಇಟ್ಟುಕೊಂಡಿದ್ದರು. ಆಟ ಮುಗಿಯಲು ಸ್ವಲ್ಪ ಹೊತ್ತಿರುವಾಗ ಒಂದು ದೊಡ್ಡ ಅಲೆ ಎದ್ದಿತು. ಹಳದಿ ಜೆರ್ಸಿಯವಳೂ ಬಿಳಿ ಜೆರ್ಸಿಯವಳೂ ಅಕ್ಕಪಕ್ಕದಲ್ಲೇ ಇದ್ದರು, ಇಬ್ಬರೂ ಕೈ ಬೀಸಿದರು, ಇಬ್ಬರೂ ನೀರಿನ ಗುಡ್ಡೆಯ ಹಿಂದೆ ಮರೆಯಾದರು. ಮೇಲೆದ್ದು ನಿಂತವಳು ಒಬ್ಬಳು. ನನ್ನ ಗಾಜಿನೊಳಗೆ ಒಂದು ಎದೆ ಕಾಣಿಸಿತು. ಹಳದಿ.

“ಯೆಲ್ಲೋ” ಎಂದೆ. ಕೊನೆಯ ಬೆಂಚಿಗೆ ಕೇಳುವಂತೆ.

ಐದು ಪೆನ್ಸಿಲುಗಳೂ ಹಳದಿಯ ಕೆಳಗೆ ಬರೆದವು. ಅವತ್ತಿನ ಅತಿ ಒಳ್ಳೆಯ ಅಲೆ ಅದು. ಕೆಳಗಿನ ಜನ ಶಿಳ್ಳೆ ಹೊಡೆದರು. ಆ ಹೊತ್ತಿಗೆ ನಾನು ಕೆಂಪಿನವಳನ್ನು ಹುಡುಕುತ್ತಿದ್ದೆ.

ಫಲಿತಾಂಶದ ಹಾಳೆಯನ್ನು ಹಲಗೆಗೆ ಅಂಟಿಸಿದರು. ಕೆಂಪು ಮೊದಲು, ಹಳದಿ ಎರಡು, ಬಿಳಿ ಮೂರು. ಆಕ್ಷೇಪ ಇದ್ದರೆ ಅರ್ಧ ಗಂಟೆಯ ಒಳಗೆ ಬರೆದು ಕೊಡಬೇಕು ಎಂಬುದು ಅಲ್ಲಿಯ ನಿಯಮ. ಹುಡುಗಿ ಟವೆಲ್ ಹೊದ್ದು ಹಲಗೆಯ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಅಟ್ಟದ ಕೆಳಗೆ ಬಂದು ಕತ್ತೆತ್ತಿ ನನ್ನನ್ನೇ ನೋಡಿದಳು. ಪಾಪ, ಸೋತಳಲ್ಲ ಎಂದುಕೊಂಡು ನಾನು ಕೈ ಬೀಸಿದೆ. ನಕ್ಕೆ ಕೂಡ. ಅವಳು ಬಾಯಿ ತೆರೆದದ್ದು ಕಂಡಿತು, ಮುಚ್ಚಿದ್ದೂ ಕಂಡಿತು. ಹಿಂದೆ ಮರಳಿನಲ್ಲಿ ಅಜ್ಜಿ ಅವಳ ಚಪ್ಪಲಿಯನ್ನು ಒಂದಕ್ಕೊಂದು ಬಡಿದು ಮರಳು ಉದುರಿಸುತ್ತಿದ್ದರು.

ಮರುದಿನ ಭಾನುವಾರ. ಹನ್ನೊಂದು ಗಂಟೆಗೆ ಫೈನಲ್. ಬೆಳಿಗ್ಗೆ ನೀರುದೋಸೆ ಹೊಯ್ಯುತ್ತಿರುವಾಗ ಸ್ವಯಂಸೇವಕರ ಗ್ರೂಪಿಗೆ ಸೆಮಿಫೈನಲಿನ ಹೈಲೈಟ್ಸ್ ವಿಡಿಯೋ ಬಂತು. ಒಂದೂವರೆ ನಿಮಿಷ, ಹಿಂದೆ ಡೋಲು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ನೋಡಿದೆ. ಮೂರನೆಯ ತುಣುಕಿನಲ್ಲಿ ಆ ಅಲೆ. ಕೆಳಗೆ ಹಳದಿ ಜೆರ್ಸಿಯವಳ ಹೆಸರು, ಪಕ್ಕದಲ್ಲಿ ಅವಳ ದೇಶದ ಬಾವುಟ. ನಿಧಾನ ಚಲನೆಯಲ್ಲಿ ತೋರಿಸಿದ್ದರು.

ಬಲಗಾಲು ಮುಂದಿತ್ತು.

ಮತ್ತೆ ಹಿಂದಕ್ಕೆ ತಂದು ನೋಡಿದೆ. ಬಲಗಾಲೇ. ಹಳದಿಯವಳು ಮೂರು ದಿನವೂ ಎಡಗಾಲಿಟ್ಟು ನಿಂತವಳು. ಅಲೆಯ ಕೊನೆಗೆ ಸವಾರಿ ಮಾಡುವವಳು ಒಮ್ಮೆ ಕಡಲಿನ ಕಡೆ ತಿರುಗಿದಳು. ಬೆನ್ನು ಕಂಡಿತು. ಬೆನ್ನು ಬಿಳಿ.

ದೋಸೆ ಕಾವಲಿಯಲ್ಲೇ ಕರಕಲಾಯಿತು. ವಾಸನೆಗೆ ಇವರು ಪೇಪರ್ ಹಿಡಿದುಕೊಂಡೇ ಒಳಗೆ ಬಂದರು.

“ಎಂತ ಆಯ್ತು?”

ಹೇಳಿದೆ. ವಿಡಿಯೋ ತೋರಿಸಿದೆ. ಇವರು ಕನ್ನಡಕವನ್ನು ಹಣೆಗೆ ಏರಿಸಿ ನೋಡಿದರು.

“ಐದು ಜನ ಕೂತಿದ್ರಲ್ಲ ಮಾರಾಯ್ತಿ. ನಿನ್ನ ಒಬ್ಬಳದ್ದೇ ತಪ್ಪಾ?”

“ಅವರು ನಾನು ಹೇಳಿದ್ದನ್ನು ಬರೆದದ್ದು.”

“ಈಗ ಹೋಗಿ ಹೇಳಿದ್ರೆ ನಿನ್ನನ್ನು ಇನ್ನು ಕರೀಲಿಕ್ಕಿಲ್ಲ. ಅಷ್ಟು ಗೊತ್ತಿರ್ಲಿ.”

“ಕರೀದಿದ್ರೆ ಬೇಡ.”

ಇವರು ಗ್ಯಾಸ್ ಆರಿಸಿ ಸ್ಕೂಟರಿನ ಕೀ ತೆಗೆದುಕೊಂಡರು. ಸುಲ್ತಾನ್ ಬತ್ತೇರಿಯ ದೋಣಿಕಟ್ಟೆಯ ತನಕ ಬಿಟ್ಟು, “ಫೆರಿ ಉಂಟು ನೋಡು, ಓಡು” ಎಂದರು.

ಹೊಳೆ ದಾಟಲು ಐದಾರು ನಿಮಿಷ ಸಾಕು. ನನ್ನ ಪಕ್ಕದಲ್ಲಿ ಒಬ್ಬ ಹೆಂಗಸು ಖಾಲಿ ಮೀನಿನ ಬುಟ್ಟಿಯೊಳಗೆ ಕಟ್ಟಿದ ಮಲ್ಲಿಗೆ ಮಾಲೆಯ ಅಟ್ಟಿ ಇಟ್ಟುಕೊಂಡು ಕೂತಿದ್ದಳು. ಹೇಗೆ ಹೇಳುವುದೆಂದು ನಾನು ಇಂಗ್ಲಿಷಿನಲ್ಲಿ ಮನಸ್ಸಿನೊಳಗೇ ವಾಕ್ಯ ಜೋಡಿಸುತ್ತಿದ್ದೆ. ಅರಿಶಿನಕ್ಕೆ ಇಂಗ್ಲಿಷ್ ಗೊತ್ತು, ಪ್ರಸಾದಕ್ಕೂ ಏನೋ ಒಂದು ಹೇಳಬಹುದು. ಅಂಗೈ ಒತ್ತಿ ಹಿಡಿದದ್ದನ್ನು ಹೇಗೆ ಹೇಳುವುದು?

ಹುಡುಗಿ ಗಾಳಿಮರಗಳ ಕೆಳಗೆ ಇದ್ದಳು. ಸೋತವರೂ ಕೈ ಜೋಡಿಸುತ್ತಾರೆ ಅಲ್ಲಿ. ಹಿಂದಿನ ಸಂಜೆ ಜಾಲಾಡಿ ಹಗ್ಗಕ್ಕೆ ಹಾಕಿದ್ದ ಜೆರ್ಸಿಗಳನ್ನು ತೆಗೆದು ಮಡಚಿ ಬುಟ್ಟಿಗೆ ತುಂಬುತ್ತಿದ್ದಳು. ನಾವಿಬ್ಬರೂ ತುಳುವಿನಲ್ಲೇ ಮಾತಾಡುವುದು. ಅವಳ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಆ ಅಲೆ ನಿನ್ನದು” ಎಂದೆ.

“ನನಗೆ ಗೊತ್ತುಂಟಲ್ಲ ಆಂಟಿ. ನಾನೇ ಹಿಡಿದದ್ದು.”

“ಮತ್ತೆ ನಿನ್ನೆ ಯಾಕೆ ಬರೆದು ಕೊಡ್ಲಿಲ್ಲ? ಅರ್ಧ ಗಂಟೆ ಇತ್ತು.”

ಅವಳು ನೀಲಿ ಜೆರ್ಸಿಯ ತೋಳನ್ನು ಒಳಗೆ ಮಡಚಿದಳು. “ನೀರಿನಿಂದ ಬರುವಾಗ ಎದೆ ನೋಡಿಕೊಂಡೆ. ಫುಲ್ ಹಳದಿ. ಹಾಳೆ ನೋಡಿದ ಕೂಡ್ಲೆ ಗೊತ್ತಾಯ್ತು ನೀವು ಯಾಕೆ ಹಾಗೆ ಹೇಳಿದ್ದು ಅಂತ. ಎಂತ ಬರೆಯೂದು ಆಂಟಿ? ಅಜ್ಜಿಯ ಪ್ರಸಾದದಿಂದ ನಾನು ಸೋತೆ ಅಂತಲಾ?”

“ಹಾಗಲ್ಲ...”

“ಹಾಗೇ. ಊರಲ್ಲಿ ಹಾಗೇ ಹೇಳೂದು. ನಾಗನಿಗೇ ಇಷ್ಟ ಇಲ್ಲ ಇದು ಅಂತ ಹೇಳಿಬಿಡ್ತಾರೆ. ಅಜ್ಜಿ ಮೊದಲು ಹೇಳ್ತಾರೆ. ಆಮೇಲೆ ಊಟ ಮಾಡ್ಲಿಕ್ಕಿಲ್ಲ. ಮೂರು ವರ್ಷ ಆಯ್ತು ಅವರನ್ನು ಇಲ್ಲಿಗೆ ತರ್ಲಿಕ್ಕೆ.”

“ನಿನ್ನ ಪಾಸ್‌ಪೋರ್ಟು?”

“ಅದು ಹತ್ತು ವರ್ಷ ಇರ್ತದಂತೆ” ಎಂದಳು. ನಗಲು ನೋಡಿದಳು, ಆಗಲಿಲ್ಲ. “ನೀವು ಬೇಕಾದ್ರೆ ಹೇಳಿ, ಕಣ್ಣು ತಪ್ಪಿತು ಅಂತ. ಅರಿಶಿನದ ಸುದ್ದಿ ಮಾತ್ರ ಬೇಡ. ನನ್ನ ಆಣೆ ಆಂಟಿ.”

ಆಯ್ತು, ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಬಿಳಿ ಜೆರ್ಸಿ ಇನ್ನೂ ಹಗ್ಗದ ಮೇಲಿತ್ತು. ಹೋಗಿ ಹಿಡಿದು ನೋಡಿದೆ. ನಿನ್ನೆಯ ಇಳಿಬಿಸಿಲು, ಇವತ್ತಿನ ಎಳೆಬಿಸಿಲು, ಎರಡೂ ಸೇರಿ ಅಮ್ಮ ಹೇಳುತ್ತಿದ್ದ ಕೆಲಸವನ್ನು ಮಾಡಿಯಾಗಿತ್ತು. ಎದೆಯ ಮೇಲೆ ಹಳೆಯ ಕಾಗದದಷ್ಟು ಬಣ್ಣ ಉಳಿದಿತ್ತು, ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು. ಇನ್ನೊಂದು ಗಂಟೆ ಬಿಟ್ಟರೆ ಅದೂ ಇರುತ್ತಿರಲಿಲ್ಲ. ಹುಡುಗಿ ಅದನ್ನು ನನ್ನ ಕೈಯಿಂದ ತೆಗೆದು ಮಡಚಿ ಬುಟ್ಟಿಗೆ ಹಾಕಿದಳು.

ಮುಖ್ಯ ತೀರ್ಪುಗಾರರು ಅಟ್ಟದ ಕೆಳಗೆ ನಿಂತು ಕಾಗದದ ಲೋಟದಲ್ಲಿ ಚಹಾ ಕುಡಿಯುತ್ತಿದ್ದರು. ನಾನು ಜೋಡಿಸಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಎಲ್ಲಿಗೋ ಹೋದವು. “ನಿನ್ನೆ ನಾನು ತಪ್ಪು ಬಣ್ಣ ಹೇಳಿದೆ” ಎಂದೆ, ಅಷ್ಟೇ. ಫೋನ್ ಕೊಟ್ಟೆ. ಅವರು ನೆರಳಿಗೆ ಸರಿದು ಮೂರು ಸಲ ನೋಡಿದರು. ಮೂರನೆಯ ಸಲ ಬೆರಳಿನಿಂದ ಆ ಕಾಲಿನ ಹತ್ತಿರ ತಡೆದು ನಿಲ್ಲಿಸಿದರು.

“ಹೌದು. ಇದು ಬಿಳಿ ಜೆರ್ಸಿಯವಳೇ” ಎಂದರು. ಫೋನ್ ಹಿಂದಕ್ಕೆ ಕೊಡುತ್ತಾ, “ನಾವು ಐವರೂ ನೋಡಬೇಕಿತ್ತು” ಎಂದರು. ಅದು ನನಗೆ ಸಮಾಧಾನ ಹೇಳಲು ಆಡಿದ ಮಾತಾಗಿರಲಿಲ್ಲ, ಅವರ ಮುಖವೂ ಇಳಿದಿತ್ತು. ಆ ಸುತ್ತಿನಲ್ಲಿ ಹಳದಿಯವಳು ಅದೇ ಹೊತ್ತಿಗೆ ಇನ್ನೊಂದು ಪುಟ್ಟ ಅಲೆ ಹಿಡಿದು ಬಿದ್ದಿದ್ದಳಂತೆ. ತನಗೆ ಅಂಕ ಅದಕ್ಕೆ ಬಂತು ಎಂದು ಅವಳು ಅಂದುಕೊಂಡಿರಬೇಕು.

“ಸರಿ ಮಾಡಬಹುದಾ?”

ಅವರು ನಿಯಮದ ಪುಸ್ತಕವನ್ನು ತರಿಸಿದರು. ತೇವಕ್ಕೆ ಹಾಳೆಯೆಲ್ಲ ಉಬ್ಬಿತ್ತು. ಬೆರಳಿಟ್ಟು ಓದಿ ಹೇಳಿದರು. ಕರೆದವರ ತಪ್ಪಾಗಲಿ ಬರೆದವರ ತಪ್ಪಾಗಲಿ, ಅರ್ಧ ಗಂಟೆ ಕಳೆದು ಹಾಳೆಗೆ ಸಹಿ ಬಿದ್ದ ಮೇಲೆ ತೆರೆಯುವಂತಿಲ್ಲ. “ಆದರೆ ಒಂದು ದಾರಿ ಇದೆ. ಜೆರ್ಸಿಯ ಬಣ್ಣವೇ ಕೆಟ್ಟಿದ್ದರೆ ಅದು ಬೇರೆ. ಬಟ್ಟೆ ಕೊಟ್ಟವರು ನಾವು. ಆಗ ಐದನೆಯವಳಾಗಿ ಅವಳನ್ನು ಫೈನಲಿಗೆ ಇಳಿಸಬಹುದು. ಯಾರನ್ನೂ ತೆಗೆಯಬೇಕಾಗಿಲ್ಲ.” ಪುಸ್ತಕ ಮುಚ್ಚಿ ನನ್ನ ಮುಖ ನೋಡಿದರು. “ಕಾರಣವನ್ನು ಮಾತ್ರ ಮೈಕಿನಲ್ಲಿ ಎಲ್ಲರಿಗೂ ಹೇಳಬೇಕಾಗುತ್ತದೆ. ನಿಮಗೆ ಹಳದಿ ಕಂಡದ್ದು ಹೇಗೆ? ಜೆರ್ಸಿಗೆ ಏನಾದರೂ ಆಗಿತ್ತೇ?”

ಒಂದು ಮಾತು. ಹೌದು ಎಂದರೆ ಸಾಕಿತ್ತು.

ಹುಡುಗಿ ಹತ್ತು ಹೆಜ್ಜೆ ಆಚೆ ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡು ನಿಂತಿದ್ದಳು. ಅವಳಿಗೂ ಎಲ್ಲ ಕೇಳಿಸಿತ್ತು, ಐದನೆಯವಳಾಗಿ ಎಂದದ್ದೂ. ಅವಳ ಮುಖದ ಮೇಲೆ ಏನೋ ಬಂದು ಹೋಯಿತು. ಹಗ್ಗದ ಆಚೆ, ಮರಳಿನ ಮೇಲೆ, ಬೈರಾಸನ್ನು ತಲೆಗೆ ಹಾಕಿಕೊಂಡು ಅಜ್ಜಿ ಕೂತಿದ್ದರು. ಮೊಮ್ಮಗಳಿಗೆ ಆಟ ಇಲ್ಲದಿದ್ದರೂ ಬಂದಿದ್ದರು. ಮೈಕಿನ ದೊಡ್ಡ ಪೆಟ್ಟಿಗೆ ಅವರ ತಲೆಯ ಮೇಲೆಯೇ ಇತ್ತು.

ಹುಡುಗಿ ತಲೆ ಆಡಿಸಿದಳು. ಬೇಡ.

“ಇಲ್ಲ. ಜೆರ್ಸಿ ಸರಿಯಾಗಿಯೇ ಇತ್ತು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು” ಎಂದೆ.

ಅವರು ಹೋಗಿ ಅವಳ ಬುಟ್ಟಿಯಿಂದ ಬಿಳಿ ಜೆರ್ಸಿಯನ್ನು ತೆಗೆದು, ಬಿಚ್ಚಿ, ಹಿಂದೆ ಮುಂದೆ ನೋಡಿದರು. “ಬಿಳಿಯೇ” ಎಂದು ಮಡಚಿ ಇಟ್ಟರು. ಅವರಿಗೆ ಅಲ್ಲಿ ಏನೂ ಕಾಣಲಿಲ್ಲ.

ಸುಳ್ಳು ಹೇಳಬಾರದು ಎಂದು ಹನ್ನೆರಡು ವರ್ಷ ನನಗೆ ಇಂಗ್ಲಿಷಿನಲ್ಲಿ ಕಲಿಸಿದ್ದಾರೆ, ಮನೆಯಲ್ಲಿ ತುಳುವಿನಲ್ಲಿ ಕಲಿಸಿದ್ದಾರೆ. ಕೊಟ್ಟ ಮಾತು ತಪ್ಪಬಾರದು ಎಂಬುದನ್ನೂ ಎರಡೂ ಕಡೆ ಕಲಿಸಿದ್ದರು. ಎರಡೂ ಎದುರಾದಾಗ ಏನು ಮಾಡುವುದು ಎಂದು ಯಾರೂ ಹೇಳಿರಲಿಲ್ಲ. ನಾನು ಆ ಹುಡುಗಿಯ ಮಾತಿಗೆ ಬೆಲೆ ಕೊಟ್ಟೆನೇ, ಅಥವಾ ಹತ್ತೊಂಬತ್ತರ ಹುಡುಗಿಯ ತಲೆಗೆ ತೀರ್ಮಾನವನ್ನು ದಾಟಿಸಿ ನಾನು ಹಗುರವಾದೆನೇ? ಅವಳ ತಾಯಿಯ ವಯಸ್ಸು ನನ್ನದು. ಅಜ್ಜಿಯ ಹತ್ತಿರ ಕೂತು, ಇದು ನಾಗನ ತಪ್ಪೂ ಅಲ್ಲ ನಿಮ್ಮ ತಪ್ಪೂ ಅಲ್ಲ, ಬಟ್ಟೆಗೆ ಬಣ್ಣ ಹಿಡಿಯಿತು ಅಷ್ಟೇ ಎಂದು ಬಿಡಿಸಿ ಹೇಳಬಹುದಿತ್ತು. ಅರ್ಚಕರ ಮಗಳು ಹೇಳಿದರೆ ಕೇಳುತ್ತಿದ್ದರೋ ಏನೋ. ಆ ಉಪಾಯ ಹೊಳೆದದ್ದು ಆಮೇಲೆ, ಬಹಳ ಆಮೇಲೆ.

ಮುಖ್ಯ ತೀರ್ಪುಗಾರರು ತುಂಬಾ ಮೃದುವಾಗಿ, “ಇವತ್ತು ನೀವು ಕೆಳಗೇ ಕೂತು ನೋಡಿ” ಎಂದರು. ನನ್ನ ಕುರ್ಚಿಗೆ ಬೇರೆ ಒಬ್ಬರನ್ನು ಹತ್ತಿಸಿದರು. ಬೈನಾಕ್ಯುಲರಿನ ಪಟ್ಟಿಯನ್ನು ಕುತ್ತಿಗೆಯಿಂದ ತೆಗೆಯುವಾಗ ಅದು ನನ್ನ ಕಿವಿಯೋಲೆಗೆ ಸಿಕ್ಕಿಕೊಂಡಿತು. ಬಿಡಿಸಲು ಅವರೇ ಸಹಾಯ ಮಾಡಿದರು.

ಫೈನಲ್ ಶುರುವಾಯಿತು. ಹೋಗಿ ಅಜ್ಜಿಯ ಪಕ್ಕದಲ್ಲಿ ಕೂತೆ. ಬೇರೆ ಕಡೆ ಕೂರಲು ಧೈರ್ಯ ಬರಲಿಲ್ಲ. ಅವರು ಬೈರಾಸಿನ ಒಂದು ಬದಿಯನ್ನು ಮರಳಿನ ಮೇಲೆ ಹಾಸಿ ಜಾಗ ಮಾಡಿಕೊಟ್ಟರು. ನಾಲ್ಕು ಬಣ್ಣಗಳು ದೂರದಲ್ಲಿ ಏಳುತ್ತಿದ್ದವು, ಬೀಳುತ್ತಿದ್ದವು. ಹುಡುಗಿ ನೀರಿನ ಅಂಚಿನಲ್ಲಿ ನಮಗೆ ಬೆನ್ನು ಹಾಕಿ ನಿಂತಿದ್ದಳು.

ಅಜ್ಜಿ ಸೊಂಟದಿಂದ ಫೋನ್ ತೆಗೆದರು. “ಅಕ್ಕ, ಇದು ನೋಡಿ. ನಮ್ಮ ಓಣಿಯವರು ಕಳಿಸಿದ್ದು. ನನ್ನ ಕಣ್ಣು ಅಷ್ಟಕ್ಕಷ್ಟೆ. ಇದು ಇವಳೇ ಅಲ್ವಾ?”

ಅದೇ ವಿಡಿಯೋ. ಅದೇ ಅಲೆ. ಅವರಿಗೆ ಬೈನಾಕ್ಯುಲರ್ ಬೇಕಾಗಿರಲಿಲ್ಲ.

“ಹೌದು. ಇವಳೇ” ಎಂದೆ.

“ಅಲ್ವಾ! ಬಲಗಾಲು ನೋಡಿ. ಸಣ್ಣದಿರುವಾಗ ದೋಣಿಗೆ ಹತ್ತೂದೂ ಹಾಗೇ. ಇಷ್ಟು ಚಂದ ಬರ್ತಾಳೆ ಅಂತ ನನಗೆ ಗೊತ್ತೇ ಇರ್ಲಿಲ್ಲ.” ಇನ್ನೊಮ್ಮೆ ನೋಡಿದರು. “ಕೆಳಗೆ ಇಂಗ್ಲಿಷಲ್ಲಿ ಎಂತ ಬರೆದದ್ದು? ಇವಳ ಹೆಸರಾ?”

“ಅಲ್ಲ. ಬೇರೆಯವಳದ್ದು. ತಪ್ಪಿ ಬರೆದದ್ದು.”

“ತಪ್ಪಿದ್ದು ಯಾರು?”

“ನಾನು. ಮೇಲೆ ಕೂತು ಬಣ್ಣ ಹೇಳೂದು ನಾನೇ. ಇವಳು ಬರುವಾಗ ಹಳದಿ ಅಂದದ್ದು ನಾನು. ಅದಕ್ಕೇ ಇವಳು ಇವತ್ತು ನೀರಲ್ಲಿ ಇಲ್ಲ.”

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಅಜ್ಜಿ ಫೋನಿನ ಕಡೆ ನೋಡಿದರು, ಮೊಮ್ಮಗಳ ಬೆನ್ನಿನ ಕಡೆ ನೋಡಿದರು.

“ಬಿಳಿ ಹಾಕಿದ್ದಳಲ್ಲ ಅವಳು. ನಿಮಗೆ ಹಳದಿ ಯಾಕೆ ಕಂಡಿತು ಅಕ್ಕ?”

“ಬಿಸಿಲು” ಎಂದೆ. ಎರಡನೆಯ ಸಲ. ಮೊದಲಿನದಕ್ಕಿಂತ ಸುಲಭವಾಗಿ ಬಂತು.

ಜನ ಕೂಗಿದರು, ಯಾರೋ ಒಳ್ಳೆಯ ಅಲೆ ಹಿಡಿದಿರಬೇಕು, ನಾವಿಬ್ಬರೂ ನೋಡಲಿಲ್ಲ. ಆಮೇಲೆ ಅಜ್ಜಿ ಸೆರಗಿನ ಗಂಟು ಬಿಚ್ಚಿದರು. ಬಾಳೆಲೆಯ ಪೊಟ್ಟಣ ಬಾಡಿ ಕಪ್ಪಾಗಿತ್ತು. “ಕಣ್ಣು ಹುಷಾರು ಅಕ್ಕ. ಹಚ್ಚಿಕೊಳ್ಳಿ, ಒಳ್ಳೆಯದಾಗ್ತದೆ” ಎನ್ನುತ್ತಾ ನನ್ನ ಹುಬ್ಬಿನ ಮೇಲೆ ಹಚ್ಚಿದರು. ನಿನ್ನೆ ಅಂಗೈ ತುಂಬ ತೆಗೆದ ಕೈ ಅದು. ಇವತ್ತು ಉಗುರಿನ ತುದಿಗೆ ಅಂಟಿದಷ್ಟನ್ನೇ ತೆಗೆಯಿತು. ಹಚ್ಚಿ ಆದ ಮೇಲೆ ಬೆರಳನ್ನು ಸೀರೆಗೆ ಒರೆಸಲಿಲ್ಲ. ಮರಳಿನಲ್ಲಿ ಅದ್ದಿ, ಉಜ್ಜಿ, ಮುಂದೆ ಹಿಡಿದು ನೋಡಿಕೊಂಡರು.

ಅವರಿಗೆ ಗೊತ್ತಾಯಿತೇ? ನಾನು ಕೇಳಲಿಲ್ಲ.

ಫೈನಲ್ ಗೆದ್ದದ್ದು ಕೆಂಪು. ಹಳದಿ ಮೂರನೆಯ ಸ್ಥಾನ. ಆ ನಾಲ್ವರೂ ಮುಂದೆ ಹೊರದೇಶಕ್ಕೆ ಹೋಗಿ ಬಂದರು. ಹೈಲೈಟ್ಸ್ ಇನ್ನೂ ಫೋನಿನಲ್ಲಿ ಸಿಗುತ್ತದೆ, ಬೇರೆಯವಳ ಹೆಸರಿನ ಮೇಲೆ ನಮ್ಮ ಹುಡುಗಿಯ ಬಲಗಾಲು. ಮುಂದಿನ ವರ್ಷ ನನಗೆ ಕರೆ ಬರಲಿಲ್ಲ. ಇವರು ಅದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ, ಗ್ಯಾಸ್ ಮುಗಿಯಿತು ಎಂದರೆ ಸಿಲಿಂಡರ್ ಅಲ್ಲಾಡಿಸುವುದನ್ನು ಮಾತ್ರ ಬಿಟ್ಟಿದ್ದಾರೆ.

ಮೊನ್ನೆ ಬಂದರಿನ ಹತ್ತಿರ ಅವಳು ಸಿಕ್ಕಿದ್ದಳು. ಬೋರ್ಡನ್ನು ತಲೆಯ ಮೇಲೆ ಹೊತ್ತು ಫೆರಿಗೆ ಕಾಯುತ್ತಿದ್ದಳು. ದೂರದಿಂದಲೇ “ಆಂಟೀ, ಉಪ್ಪಿನಕಾಯಿ ಉಂಟಾ?” ಎಂದು ಕೂಗಿದಳು. ಈ ಸಲವೂ ಆಡುತ್ತಾಳಂತೆ. ಅಜ್ಜಿ ಬರುತ್ತಾರಾ ಎಂದು ಕೇಳಿದೆ. ಬರ್ತಾರೆ, ಎಲ್ಲರಿಗಿಂತ ಮೊದಲು ಹೋಗಿ ಕೂರುವವರೇ ಅವರು ಎಂದಳು.

ಸೆರಗಿನಲ್ಲಿ ಅರಿಶಿನದ ಪೊಟ್ಟಣ ಕಟ್ಟಿಕೊಂಡು ಬರುತ್ತಾರಾ ಎಂದು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಫೆರಿ ಬಂತು. ಅವಳು ಬಲಗಾಲಿಟ್ಟು ಹತ್ತಿದಳು.